ತಣ್ಣಗಿರುವ ಎಂಜಿನ್ನೂ ಕೆಟ್ಟ ಎಂಜಿನ್ನೇ

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಟ್ಟಿತೆಂದರೆ ಪತ್ರಿಕೆಗಳ ವಾಹನ ಪುಟಗಳಲ್ಲೆಲ್ಲ ಎಂಜಿನ್ ಹೀಟ್ ಆಗುವುದರ ಮಾತೇ. ರೇಡಿಯೇಟರ್ ನೋಡಿಕೊಳ್ಳಿ, ಕೂಲಂಟ್ (ಎಂಜಿನ್ ತಂಪಿಡುವ ದ್ರವ) ತುಂಬಿಸಿ, ಶಾಖ ತೋರಿಸುವ ಮೀಟರ್ ಮುಳ್ಳು ಮೇಲೇರಿದರೆ ಗಾಡಿ ನಿಲ್ಲಿಸಿ. ಎಲ್ಲವೂ ಸರಿಯೇ. ಆದರೆ ಮುಳ್ಳು ಏಳದೆ ಕೆಳಗೇ ಮಲಗಿದ್ದರೆ ಏನು ಅರ್ಥ ಎಂದು ಯಾರೂ ಬರೆಯುವುದಿಲ್ಲ. ಹೀಗಾಗಿ ಅದು ಒಳ್ಳೆಯ ಲಕ್ಷಣ ಎಂದೇ ಬಹಳ ಜನ ತಿಳಿದಿದ್ದಾರೆ. ‘ನಮ್ಮ ಗಾಡಿ ಹೀಟೇ ಆಗಲ್ಲ’ ಎಂದು ಹೆಮ್ಮೆಯಿಂದ ಹೇಳುವವರಿಗೂ ಕಡಿಮೆಯಿಲ್ಲ.

ಈ ನಂಬಿಕೆಯ ಜತೆಗೇ ಒಂದು ಕೆಟ್ಟ ರೂಢಿ ಬೆಳೆದಿದೆ. ಗಾಡಿ ಒಮ್ಮೆ ಕಾದರೆ ಸಾಕು, ಅನೇಕ ಗ್ಯಾರೇಜುಗಳಲ್ಲಿ ಮೊದಲು ಮಾಡುವ ಕೆಲಸ ಎಂಜಿನ್ನಿನ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಕುವುದು. ‘ಇದು ಫಾರಿನ್‌ನಲ್ಲಿ ಹಿಮ ಬೀಳೋ ಕಡೆಗೆ ಇಡೋದು ಸಾರ್, ನಮ್ಮ ಬಿಸಿಲಿಗೆ ಯಾಕೆ ಬೇಕು’ ಎನ್ನುವುದು ಅದಕ್ಕೆ ಕೊಡುವ ಸಮಜಾಯಿಷಿ. ಕೇಳಲು ಸರಿಯೆನಿಸುತ್ತದೆ, ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇರಲಿ. ಎಂಜಿನ್ನಿನ ಒಳಗಿನ ನೀರು ಇರಬೇಕಾದದ್ದು 85ರಿಂದ 100 ಡಿಗ್ರಿ. ನಮ್ಮ ಅತಿ ಕೆಟ್ಟ ಬಿಸಿಲೂ ಎಂಜಿನ್ನಿನ ಲೆಕ್ಕದಲ್ಲಿ ಚಳಿಯೇ. ವಾಲ್ವ್ ಇಲ್ಲದೆ ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನ ರೇಡಿಯೇಟರ್, ಆ ನೀರನ್ನು 60–65 ಡಿಗ್ರಿಗೆ ಇಳಿಸಿಬಿಡಬಲ್ಲದು.

ವಾಲ್ವ್ ಮಾಡುವ ಕೆಲಸ ಸರಳ. ಹಿತ್ತಾಳೆಯ ಒಂದು ಪುಟ್ಟ ಬಟ್ಟಲಲ್ಲಿ ಮೇಣ ತುಂಬಿರುತ್ತದೆ. ನಿಗದಿತ ಶಾಖಕ್ಕೆ, ಹೆಚ್ಚಿನ ಕಾರುಗಳಲ್ಲಿ 82 ಇಲ್ಲವೇ 88 ಡಿಗ್ರಿಗೆ, ಅದು ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ. ಸ್ಪ್ರಿಂಗು ಕುಗ್ಗಿ ತಟ್ಟೆ ತೆರೆಯುತ್ತದೆ. ಅಲ್ಲಿಯವರೆಗೆ ನೀರು ಎಂಜಿನ್ನಿನೊಳಗೇ ಸುತ್ತುತ್ತದೆ, ತೆರೆದ ಮೇಲೆ ರೇಡಿಯೇಟರಿಗೆ ಹೋಗುತ್ತದೆ. ಇನ್ನೂ ಹತ್ತು ಹದಿನೈದು ಡಿಗ್ರಿ ಏರಿದಾಗ ಪೂರ್ತಿ ಬಾಯಿ ಬಿಡುತ್ತದೆ. ಯಾವ ಶಾಖಕ್ಕೆ ತೆರೆಯುತ್ತದೆ ಎಂಬುದನ್ನು ಸಾಮಾನ್ಯವಾಗಿ ಅದರ ಲೋಹದ ಮೇಲೇ ಅಚ್ಚೊತ್ತಿರುತ್ತಾರೆ.

ಇದು ತೆರೆದೇ ಸಿಕ್ಕಿಕೊಂಡರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಆಗುವ ಹಾನಿ ಒಂದು ದಿನದಲ್ಲಿ ಕಾಣುವಂಥದ್ದಲ್ಲ. ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಳ್ಳುವ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲನ್ನು ಜಾಸ್ತಿ ಬಿಡುತ್ತಲೇ ಇರುತ್ತದೆ. ಪೂರ್ತಿ ಆವಿಯಾಗದ ಪೆಟ್ರೋಲು ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು ಆಯಿಲನ್ನೇ ತೆಳುವಾಗಿಸುತ್ತದೆ. ಮೈಲೇಜ್ ಬಿದ್ದದ್ದು ಮಾತ್ರ ಮಾಲೀಕನ ಕಣ್ಣಿಗೆ ಬೀಳುತ್ತದೆ. ಅವನು ಪೆಟ್ರೋಲ್ ಬಂಕನ್ನು ಬೈದುಕೊಂಡು ಸುಮ್ಮನಾಗುತ್ತಾನೆ.

ಇನ್ನು ನೀರಿನ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ ಸ್ವಲ್ಪ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್ ತೊಟ್ಟಿಗೆ ಸೇರುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದು ಮತ್ತೆ ಆವಿಯಾಗಿ ಹೋಗುತ್ತದೆ. ತಣ್ಣನೆಯದರಲ್ಲಿ ಅಲ್ಲೇ ಉಳಿದು, ಆಯಿಲಿನೊಡನೆ ಕಲೆತು, ಕೆಸರಾಗುತ್ತದೆ. ಸಿಲಿಂಡರ್ ಗೋಡೆ ತಣ್ಣಗಿದ್ದಷ್ಟೂ ಆಮ್ಲದ ತೇವ ಅದರ ಮೇಲೆ ಕೂತು ಸವೆತ ಹೆಚ್ಚುತ್ತದೆ. ಬ್ರಿಟನ್ನಿನ ಎಂಜಿನಿಯರುಗಳು 1930ರ ದಶಕದಲ್ಲೇ ಕಂಡುಕೊಂಡ ಸಂಗತಿಯಿದು.

ಡೀಸೆಲ್ ಗಾಡಿಯವರು, ಅದರಲ್ಲೂ 2020ರ ಏಪ್ರಿಲ್ ನಂತರದ, ಬಿಎಸ್6 ಹೊಗೆ ನಿಯಮದ ಗಾಡಿಯವರು, ಇನ್ನೂ ಎಚ್ಚರವಾಗಿರಬೇಕು. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಆಗಾಗ ತನ್ನನ್ನು ತಾನೇ ಸುಟ್ಟು ಶುದ್ಧಮಾಡಿಕೊಳ್ಳಬೇಕು. ಎಂಜಿನ್ ಸಾಕಷ್ಟು ಬಿಸಿಯಾಗದೆ ಆ ಕೆಲಸ ಶುರುವಾಗುವುದಿಲ್ಲ. ಶುರುವಾಗಿ ಅರ್ಧಕ್ಕೆ ನಿಂತರೆ ಅದಕ್ಕೆಂದು ಬಿಟ್ಟ ಡೀಸೆಲ್ ಆಯಿಲಿಗೆ ಇಳಿದು, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದಂತೆ ಕಾಣುತ್ತದೆ. ಕೆಲವು ನೂರು ರೂಪಾಯಿಯ ವಾಲ್ವಿನ ಖರ್ಚು ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಡಿಪಿಎಫ್ ಕಳೆದುಕೊಳ್ಳುವ ದಾರಿ ಇದು. ಸಿಎನ್‌ಜಿ ಟ್ಯಾಕ್ಸಿಗಳ ಪಾಡು ಬೇರೆ. ಗ್ಯಾಸ್ ಸಿಲಿಂಡರಿನ ಭಾರೀ ಒತ್ತಡದಿಂದ ಇಳಿಯುವ ಗ್ಯಾಸು ತಣ್ಣಗಾಗುವುದರಿಂದ, ಒತ್ತಡ ಇಳಿಸುವ ರೆಡ್ಯೂಸರಿಗೆ ಬಿಸಿ ಕೂಲಂಟ್ ಹರಿಯಲೇಬೇಕು. ಬೆಳಿಗ್ಗೆ ಪೆಟ್ರೋಲಿನಿಂದ ಗ್ಯಾಸಿಗೆ ಬದಲಾಗಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ ಥರ್ಮೋಸ್ಟಾಟಿನ ಮೇಲೆ ಅನುಮಾನ ಪಡಬಹುದು.

ತಮಾಷೆಯೆಂದರೆ, ವಾಲ್ವ್ ತೆಗೆದರೆ ಕೆಲವು ಎಂಜಿನ್‌ಗಳು ಘಾಟಿ ಹತ್ತುವಾಗ ಇನ್ನೂ ಜಾಸ್ತಿ ಕಾಯುತ್ತವೆ. ಎರಡು ತಟ್ಟೆಯ ವಾಲ್ವುಗಳಲ್ಲಿ ಮೇಲಿನ ತಟ್ಟೆ ರೇಡಿಯೇಟರಿನ ದಾರಿ ತೆರೆಯುವ ಹೊತ್ತಿಗೇ ಕೆಳಗಿನ ತಟ್ಟೆ ನೀರನ್ನು ಎಂಜಿನ್ನಿನೊಳಗೇ ಸುತ್ತಿಸುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲವೆಂದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿಗೆ ವಾಪಸ್ ಬರುತ್ತದೆ. ಬಯಲಿನಲ್ಲಿ ತಣ್ಣಗಿದ್ದು ಚಾರ್ಮಾಡಿ ಹತ್ತುವಾಗ ಕುದಿಯುವ ಗಾಡಿಯನ್ನು ಕಂಡರೆ ಮೊದಲು ವಾಲ್ವ್ ಇದೆಯೇ ಎಂದು ಕೇಳಬೇಕು.

ಹಾಗಾದರೆ ಎಂಜಿನ್ ನಿಜಕ್ಕೂ ತಣ್ಣಗಿದೆಯೋ, ಮೀಟರ್ ಸುಳ್ಳು ಹೇಳುತ್ತಿದೆಯೋ? ಪರೀಕ್ಷೆ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ. ಬಿಡಿಭಾಗ ಕೊಂಡು ತಂದ ಮೇಲಲ್ಲ.

ಮೊಟ್ಟಮೊದಲು ಕೂಲಂಟ್ ಮಟ್ಟ ನೋಡಿ, ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ. ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನಷ್ಟೇ ನೋಡಿದರೆ ಸಾಲದು. ರೇಡಿಯೇಟರಿಗೆ ಮುಚ್ಚಳವಿದ್ದರೆ ಅದನ್ನೂ ತೆರೆದು, ಕುತ್ತಿಗೆಯವರೆಗೆ ತುಂಬಿದೆಯೇ ನೋಡಬೇಕು. ಇದಕ್ಕೆ ಕಾರಣವಿದೆ. ಶಾಖ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ಕಡಿಮೆಯಾಗಿ ಸೆನ್ಸರಿನ ತುದಿ ಬರೀ ಗಾಳಿಯಲ್ಲಿ ನಿಂತರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯುತ್ತದೆ. ಓಡುತ್ತಿರುವ ಗಾಡಿಯಲ್ಲಿ ಮಧ್ಯದಲ್ಲಿದ್ದ ಮುಳ್ಳು ಥಟ್ಟನೆ ಕೆಳಗೆ ಬಿದ್ದರೆ ಅದನ್ನು ತಂಪು ಎಂದು ತಿಳಿಯಬೇಡಿ, ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಚ್ಚಲೇಬೇಡಿ.

ಮಟ್ಟ ಸರಿಯಿದ್ದರೆ ಸೆನ್ಸರಿನ ಸರದಿ. ಇದಕ್ಕೆ ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ಸ್ಕ್ಯಾನರ್ ಸಾಕು. ಕಳೆದ ಹತ್ತು ವರ್ಷಗಳಲ್ಲಿ ಬಂದ ಬಹುತೇಕ ಕಾರುಗಳಲ್ಲಿ ಕೆಲಸ ಮಾಡುತ್ತದೆ, ಮೊಬೈಲಿನಲ್ಲೇ ಓದಬಹುದು. ರಾತ್ರಿಯಿಡೀ ನಿಂತ ಗಾಡಿಯ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಎರಡು ಅಂಕಿ ನೋಡಿ: ಕೂಲಂಟ್ ಶಾಖ ಮತ್ತು ಒಳಗೆಳೆದುಕೊಳ್ಳುವ ಗಾಳಿಯ ಶಾಖ. ಎರಡೂ ಹೊರಗಿನ ಹವೆಯ ಮಟ್ಟದಲ್ಲೇ ಇದ್ದು, ಒಂದಕ್ಕೊಂದು ಮೂರು ನಾಲ್ಕು ಡಿಗ್ರಿ ಅಂತರದಲ್ಲಿರಬೇಕು. ಗಾಳಿ 24 ಡಿಗ್ರಿ ಎನ್ನುವಾಗ ಕೂಲಂಟ್ 8 ಡಿಗ್ರಿ ಎಂದರೆ ತಪ್ಪು ವಾಲ್ವಿನದಲ್ಲ, ಸೆನ್ಸರಿನದು ಇಲ್ಲವೇ ಅದರ ವೈರಿನದು. ಮೈನಸ್ 40 ಎಂದು ತೋರಿಸಿದರೆ ವೈರು ಎಲ್ಲೋ ತುಂಡಾಗಿದೆ ಅಥವಾ ಕನೆಕ್ಟರ್ ಬಿಚ್ಚಿಕೊಂಡಿದೆ ಎಂದೇ ಅರ್ಥ. ಆಗ ಹೆಚ್ಚಿನ ಗಾಡಿಗಳಲ್ಲಿ ಇಸಿಯು ಮುಂಜಾಗ್ರತೆಗೆಂದು ರೇಡಿಯೇಟರ್ ಫ್ಯಾನನ್ನು ಬಿಡದೆ ತಿರುಗಿಸುತ್ತದೆ. ಅದೂ ಒಂದು ಸುಳಿವು.

ಈ ಸೆನ್ಸರ್ ತಣ್ಣಗಾದಷ್ಟೂ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುವ ಬಗೆಯದು. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮಿನ ಆಸುಪಾಸು, 80 ಡಿಗ್ರಿಯಲ್ಲಿ 300 ಓಮಿನ ಆಸುಪಾಸು. ಗಾಡಿಯಿಂದ ಗಾಡಿಗೆ ಕೊಂಚ ಬದಲಾಗುತ್ತದೆ. ಕನೆಕ್ಟರ್ ಪಿನ್ನಿಗೆ ಹಸಿರು ಕಿಲುಬು ಹಿಡಿದರೆ ಆ ಕಿಲುಬಿನ ತಡೆಯೂ ಸೇರಿಕೊಂಡು, ಬಿಸಿ ಎಂಜಿನ್ನೂ ತಣ್ಣಗಿದ್ದಂತೆ ತೋರುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಓಡುವ ಗಾಡಿಗಳಲ್ಲಿ ಇದನ್ನು ಮೊದಲೇ ನೋಡುವುದು ಜಾಣತನ. ಹಳೆಯ ಕೆಲವು ಕಾರುಗಳಲ್ಲಿ ಮೀಟರಿಗೊಂದು, ಇಸಿಯುಗೊಂದು ಎಂದು ಎರಡು ಸೆನ್ಸರ್ ಇರುತ್ತವೆ. ಅಂಥದ್ದರಲ್ಲಿ ಮುಳ್ಳು ಕೆಳಗಿದ್ದರೂ ಸ್ಕ್ಯಾನರಿನಲ್ಲಿ 90 ಡಿಗ್ರಿ ಬಂದರೆ ಎಂಜಿನ್ ಆರಾಮವಾಗಿದೆ, ಮೀಟರಿನ ಸೆನ್ಸರ್ ಬದಲಿಸಿದರೆ ಆಯಿತು.

ಮೀಟರ್ ಮುಳ್ಳೇ ಇಲ್ಲದ ಕಾರುಗಳು ಈಗ ಬಹಳ. ಅವುಗಳಲ್ಲಿ ಎಂಜಿನ್ ತಣ್ಣಗಿದೆ ಎಂದು ಸೂಚಿಸುವ ನೀಲಿ ದೀಪ ಆರಿತು, ಹಾಗಾದರೆ ಬಿಸಿಯಾಗಿದೆ ಎನ್ನುವ ಲೆಕ್ಕ ತಪ್ಪು. ಆ ದೀಪ ವಾಲ್ವ್ ತೆರೆಯುವ ಶಾಖಕ್ಕಿಂತ ಎಷ್ಟೋ ಮೊದಲೇ ಆರಿಹೋಗುತ್ತದೆ. ಮುಳ್ಳಿರುವ ಕಾರುಗಳಲ್ಲೂ ತಯಾರಕರು ಅದನ್ನು ಅಗಲವಾದ ಒಂದು ವ್ಯಾಪ್ತಿಯಲ್ಲಿ ಮಧ್ಯಕ್ಕೇ ಅಂಟಿಸಿಬಿಡುತ್ತಾರೆ, ಗ್ರಾಹಕ ಗಾಬರಿಯಾಗದಿರಲಿ ಎಂದು. ಆದ್ದರಿಂದ ಅಂಕಿ ನೋಡುವುದೇ ಮೇಲು.

ಸೆನ್ಸರ್ ನಿಜ ಹೇಳುತ್ತಿದೆ ಎಂದು ಖಾತ್ರಿಯಾದ ಮೇಲೆ ವಾಲ್ವ್ ಪರೀಕ್ಷೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿಗೆ ಹೋಗುವ ಮೇಲಿನ ದಪ್ಪ ಹೋಸ್ ಪೈಪಿನ ಮೇಲೆ ಆಗಾಗ ಕೈ ಇಟ್ಟು ನೋಡಿ. ಫ್ಯಾನು ಮತ್ತು ಬೆಲ್ಟಿನಿಂದ ಕೈ, ಬಟ್ಟೆ ದೂರವಿರಲಿ. ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ. ವಾಲ್ವ್ ಸರಿಯಿದ್ದರೆ ಎಂಜಿನ್ 80 ದಾಟುವವರೆಗೂ ಪೈಪು ತಣ್ಣಗೇ ಇದ್ದು, ಆಮೇಲೆ ಒಂದೆರಡು ನಿಮಿಷದಲ್ಲಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಆ ಹಠಾತ್ ಏರಿಕೆಯೇ ಮುಖ್ಯ. ಮೊದಲ ನಿಮಿಷದಿಂದಲೇ ಪೈಪು ಎಂಜಿನ್ನಿನ ಜತೆಜತೆಗೆ ಮೆಲ್ಲಗೆ ಬೆಚ್ಚಗಾಗುತ್ತ ಬಂದರೆ ವಾಲ್ವ್ ತೆರೆದೇ ಇದೆ, ಅಥವಾ ಒಳಗೆ ಇಲ್ಲ.

ಇಲ್ಲಿ ಅನುಭವಿ ಮೆಕ್ಯಾನಿಕರೂ ಎಡವುವ ಒಂದು ಜಾಗವಿದೆ. ಹಲವು ಜಪಾನಿ ವಿನ್ಯಾಸದ ಎಂಜಿನ್‌ಗಳಲ್ಲಿ ವಾಲ್ವ್ ಇರುವುದು ಮೇಲಿನ ಪೈಪಿನ ಬಾಯಲ್ಲಲ್ಲ, ರೇಡಿಯೇಟರಿನಿಂದ ನೀರು ವಾಪಸ್ ಬರುವ ಕೆಳಗಿನ ಪೈಪಿನ ಬಾಯಲ್ಲಿ. ಅಂಥ ಗಾಡಿಯಲ್ಲಿ ಮೇಲಿನ ಪೈಪು ಬೇಗ ಬೆಚ್ಚಗಾದರೆ ಅದು ದೋಷವಲ್ಲ. ಅಲ್ಲಿ ಮುಟ್ಟಿ ನೋಡಬೇಕಾದದ್ದು ಕೆಳಗಿನ ಪೈಪನ್ನು.

ಮುಟ್ಟುವ ಬದಲು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಬಳಸುವವರು ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರ ಹಿಡಿಯಬಾರದು. ಹೊಳಪು ಮೈ ಶಾಖವನ್ನು ತೀರಾ ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದರೆ ಸರಿಯಾದ ಅಂಕಿ ಸಿಗುತ್ತದೆ.

ಇವೆಲ್ಲಕ್ಕಿಂತ ನಂಬಲರ್ಹವಾದದ್ದು ರಸ್ತೆಯ ಪರೀಕ್ಷೆ. ಸ್ಕ್ಯಾನರ್ ಹಾಕಿಕೊಂಡು, ಅಂಕಿ ಓದಲು ಪಕ್ಕದಲ್ಲೊಬ್ಬರನ್ನು ಕೂರಿಸಿಕೊಂಡು ಹೊರಡಿ. ನಮ್ಮ ಹವೆಯಲ್ಲಿ ಪೆಟ್ರೋಲ್ ಕಾರು ಹತ್ತು ನಿಮಿಷದೊಳಗೆ 80 ಮುಟ್ಟಬೇಕು. ಆಮೇಲೆ ನಿಂತಾಗ, ಓಡಿದಾಗ, ಇಳಿಜಾರಿನಲ್ಲಿ ಅಂಕಿ ಹೇಗೆ ಬದಲಾಗುತ್ತದೆ ನೋಡಿ. ಸಿಗ್ನಲ್ಲಿನಲ್ಲಿ ನಿಂತಾಗ 85, ಹೊರವರ್ತುಲ ರಸ್ತೆಯಲ್ಲಿ ವೇಗ ಹಿಡಿದಾಗ 68, ಮತ್ತೆ ನಿಂತರೆ ಮೇಲಕ್ಕೆ: ಇದು ಮುಚ್ಚದ ವಾಲ್ವಿನ ಗುರುತು. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿರುವುದರಿಂದ ಇದು ಇನ್ನೂ ಎದ್ದು ಕಾಣುತ್ತದೆ. ಒಳ್ಳೆಯ ವಾಲ್ವ್ ಆಗ ಮುಚ್ಚಿಕೊಂಡು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಡೀಸೆಲ್ ಗಾಡಿಯನ್ನು ಮಾತ್ರ ನಿಲ್ಲಿಸಿಕೊಂಡು ಪರೀಕ್ಷಿಸಬೇಡಿ. ಬರೀ ಐಡ್ಲಿಂಗಿನಲ್ಲಿ ಒಳ್ಳೆಯ ಡೀಸೆಲ್ ಎಂಜಿನ್ನೂ ಅರ್ಧ ಗಂಟೆಯಾದರೂ ಪೂರ್ತಿ ಬಿಸಿಯಾಗದಿರಬಹುದು.

ಎಂಜಿನ್ ದೀಪ ಹತ್ತಿ ಸ್ಕ್ಯಾನರಿನಲ್ಲಿ ಪಿ0128 ಎಂದು ಬಂದರೆ, ನಿಗದಿತ ಹೊತ್ತಿನಲ್ಲಿ ಕೂಲಂಟ್ ಬಿಸಿಯಾಗಲಿಲ್ಲ ಎಂದು ಇಸಿಯು ದೂರುತ್ತಿದೆ. ಪಿ0117, ಪಿ0118 ಬಂದರೆ ಸೆನ್ಸರಿನ ವೈರಿಂಗ್ ಕಡೆ ನೋಡಬೇಕು. ಕೋಡ್ ಅಳಿಸಿ ಕಳಿಸಿಬಿಡುವವರಿದ್ದಾರೆ. ವಾಲ್ವ್ ಹಾಕದಿದ್ದರೆ ಕೆಲವೇ ದಿನಗಳಲ್ಲಿ ಅದು ಮರಳಿ ಬರುತ್ತದೆ.

‘ಫ್ಯಾನ್ ಯಾವಾಗಲೂ ತಿರುಗ್ತಾ ಇದೆ, ಅದಕ್ಕೇ ತಣ್ಣಗಿದೆ’ ಎನ್ನುವ ತೀರ್ಮಾನವನ್ನೂ ಆಗಾಗ ಕೇಳುತ್ತೇವೆ. ವಾಲ್ವ್ ಸರಿಯಿದ್ದರೆ ಫ್ಯಾನ್ ದಿನವಿಡೀ ತಿರುಗಿದರೂ ಎಂಜಿನ್ ಅಷ್ಟಾಗಿ ತಣ್ಣಗಾಗುವುದಿಲ್ಲ. ತಣ್ಣಗಾಗುವುದು ರೇಡಿಯೇಟರಿನ ನೀರು, ಅದಕ್ಕೆ ಒಳಬರುವ ಬಾಗಿಲು ಮುಚ್ಚಿರುತ್ತದೆ. ಎ.ಸಿ. ಹಾಕಿದಾಗ ಫ್ಯಾನ್ ತಿರುಗುವುದು ಸಹಜ. ಎ.ಸಿ. ಇಲ್ಲದೆ, ತಣ್ಣನೆ ಎಂಜಿನ್ನಿನಲ್ಲೂ ತಿರುಗುತ್ತಿದ್ದರೆ ಫ್ಯಾನಿನ ರಿಲೇ (ವಿದ್ಯುತ್ ಸ್ವಿಚ್) ಅಂಟಿಕೊಂಡಿರಬಹುದು. ಬೆಲ್ಟಿನಿಂದ ತಿರುಗುವ ಫ್ಯಾನಿನ ಹಳೆಯ ಡೀಸೆಲ್ ಜೀಪುಗಳಲ್ಲಿ, ಬಿಸಿಯಾದಾಗ ಮಾತ್ರ ಫ್ಯಾನನ್ನು ಜೋರಾಗಿ ತಿರುಗಿಸುವ ವಿಸ್ಕಸ್ ಕ್ಲಚ್ ಹಿಡಿದುಕೊಂಡಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಭೋರ್ಗರೆದು ಆಮೇಲೆ ಸುಮ್ಮನಾದರೆ ಅದು ಸರಿ, ದಿನವಿಡೀ ಲಾರಿಯಂತೆ ಗರ್ಜಿಸಿದರೆ ಕ್ಲಚ್ ಕೆಟ್ಟಿದೆ. ಅದನ್ನು ಸರಿಪಡಿಸಿ, ಆದರೆ ವಾಲ್ವನ್ನು ನೋಡದೆ ಬಿಡಬೇಡಿ.

ಬಿಚ್ಚಿದ ವಾಲ್ವನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು, ಆಮೇಲೆ ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ. ತಣ್ಣಗಿರುವಾಗ ಬೆಳಕಿಗೆ ಹಿಡಿದು ನೋಡಿ, ತಟ್ಟೆಯ ಸುತ್ತ ಬೆಳಕು ತೂರಿದರೆ ಅಲ್ಲೇ ತೀರ್ಪು ಸಿಕ್ಕಿತು. ಇಲ್ಲದಿದ್ದರೆ ದಾರದ ತುದಿಯನ್ನು ತಟ್ಟೆಯ ಸಂದಿಗೆ ಸಿಕ್ಕಿಸಿ, ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ವಾಲ್ವ್ ದಾರ ಬಿಟ್ಟು ಬಿದ್ದ ಕ್ಷಣದ ಶಾಖವೇ ಅದು ತೆರೆಯುವ ಶಾಖ. ಅಚ್ಚಾದ ಅಂಕಿಗಿಂತ ಮೂರು ನಾಲ್ಕು ಡಿಗ್ರಿ ಆಚೀಚೆ ಇದ್ದರೆ ತೊಂದರೆಯಿಲ್ಲ, 70ಕ್ಕೇ ಬಿದ್ದರೆ ಗುಜರಿಗೆ ಹಾಕಿ. ಬೆಂಗಳೂರಿನವರು ಒಂದು ಮಾತು ನೆನಪಿಡಬೇಕು: ಊರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ. ಮಡಿಕೇರಿಯಲ್ಲಿ ಇನ್ನೂ ಕಡಿಮೆ. 88ರ ವಾಲ್ವ್ ಕುದಿಯುವ ನೀರಿನಲ್ಲೂ ಪೂರ್ತಿ ಬಾಯಿ ಬಿಡಲಿಲ್ಲವೆಂದು ಅದನ್ನು ಕೆಟ್ಟದ್ದೆನ್ನುವಂತಿಲ್ಲ. ಅದಕ್ಕೆ ಬೇಕಾದ ಶಾಖ ನಮ್ಮ ಪಾತ್ರೆಯಲ್ಲಿ ಸಿಗುವುದೇ ಇಲ್ಲ.

ಹೊಸದನ್ನು ಹಾಕುವಾಗ ಕಂಪನಿ ಹೇಳಿದ ಡಿಗ್ರಿಯದ್ದೇ ಇರಲಿ. ‘ಸೇಫ್ಟಿಗೆ’ ಎಂದು 71ರದ್ದನ್ನು ಕೊಟ್ಟರೆ ಬೇಡವೆನ್ನಿ. ಸ್ಪ್ರಿಂಗಿನ ಕಡೆ ಎಂಜಿನ್ನಿನ ಒಳಮುಖಕ್ಕೆ ಬರಬೇಕು. ಚೌಕಟ್ಟಿನ ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ನಿದ್ದರೆ ಅದು ಮೇಲ್ಗಡೆ ನಿಲ್ಲಬೇಕು; ಸಿಕ್ಕಿಕೊಂಡ ಗಾಳಿ ಹೋಗುವುದು ಅದರ ಮೂಲಕ. ರಬ್ಬರ್ ರಿಂಗ್ ಹೊಸದನ್ನೇ ಹಾಕಿ. ಸಿಲಿಕಾನ್ ಪೇಸ್ಟನ್ನು ದೋಸೆಗೆ ಬೆಣ್ಣೆ ಸವರಿದಂತೆ ಸವರಬೇಡಿ. ಒಳಗೆ ಉಕ್ಕಿದ ತುಣುಕು ಹರಿದುಹೋಗಿ ಇದೇ ಹೊಸ ವಾಲ್ವಿನ ಬಾಯಿಗೆ ಸಿಕ್ಕಿಕೊಳ್ಳಬಹುದು. ಮುಚ್ಚಳದ ಬೋಲ್ಟುಗಳು ಹೆಚ್ಚಾಗಿ 10ರ ಸ್ಪ್ಯಾನರಿನವು, ಕೆಳಗಿರುವುದು ಅಲ್ಯೂಮಿನಿಯಂ ಮರೆ (ಥ್ರೆಡ್). 10 ನ್ಯೂಟನ್ ಮೀಟರಿನಷ್ಟು ಬಿಗಿ ಸಾಕು, ಜೋರು ಮಾಡಿದರೆ ಮರೆ ಹೋಗುತ್ತದೆ. ಕೂಲಂಟ್ ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಓಡಿಸಿ, ಫ್ಯಾನ್ ಎರಡು ಸಲ ಹತ್ತಿ ಆರುವವರೆಗೆ ಕಾಯಿರಿ. ಮರುದಿನ ಬೆಳಿಗ್ಗೆ ಮಟ್ಟವನ್ನು ಮತ್ತೆ ನೋಡಲೇಬೇಕು. ಗಾಳಿ ಹೊರಹೋದ ಜಾಗ ಖಾಲಿಯಾಗಿರುತ್ತದೆ.

ಈ ವಾಲ್ವುಗಳು ನಮ್ಮಲ್ಲಿ ಇಷ್ಟು ಬೇಗ ಕೆಡುವುದೇಕೆ? ಬಹುಮಟ್ಟಿಗೆ ನೀರಿನಿಂದ. ಕೂಲಂಟ್ ಕಡಿಮೆಯಾದಾಗೆಲ್ಲ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸವಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ನೀರಿನ ಪಾತ್ರೆಗಳನ್ನು ನೋಡಿದವರಿಗೆ ಆ ಬಿಳಿ ಪೊರೆ ಗೊತ್ತು. ಅದೇ ಪೊರೆ ವಾಲ್ವಿನ ಕಡ್ಡಿಗೆ, ತಟ್ಟೆಯ ಅಂಚಿಗೆ ಕಟ್ಟುತ್ತದೆ. ತುಕ್ಕಿನ ಚೂರು ಜತೆಗೂಡಿದರೆ ತಟ್ಟೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕೂಲಂಟ್ ಸಾಂದ್ರವನ್ನು ಡಿಸ್ಟಿಲ್ಡ್ ವಾಟರಿನೊಡನೆ ಸಮಪಾಲು ಬೆರೆಸಿ ಹಾಕಬೇಕು, ಬೆರೆಸಿಯೇ ಬರುವ ಡಬ್ಬಿಯಾದರೆ ನೀರು ಸೇರಿಸಬಾರದು. ಚಳಿಗೆ ಹೆಪ್ಪುಗಟ್ಟದಿರುವುದು ನಮಗೆ ಬೇಡದ ಗುಣವಾದರೂ, ತುಕ್ಕು ತಡೆಯುವುದೂ ಕುದಿಯುವ ಮಟ್ಟ ಏರಿಸುವುದೂ ನಮಗೆ ಬೇಕು.

ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಲೇಪ ಕಂಡವರು ಗಾಬರಿಯಾಗುವ ಮುನ್ನ ಡಿಪ್‌ಸ್ಟಿಕ್ ನೋಡಲಿ. ಆಯಿಲ್ ಬಣ್ಣ ಸರಿಯಿದ್ದು, ಕೂಲಂಟ್ ಇಳಿಯುತ್ತಿಲ್ಲವಾದರೆ ಅದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಕೆಳಗಿನ ಸೀಲು) ಸೋರಿದ್ದಲ್ಲ, ಆರದ ತೇವ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ವಾಲ್ವ್ ಸರಿಯಿದ್ದೂ ಇದು ಬರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಆಮೇಲೂ ಲೇಪ ಹೋಗದಿದ್ದರೆ ಮೇಲಿನ ಪರೀಕ್ಷೆಗಳಿವೆ.

ಹಳೆಯ ಕಾರು ಕೊಳ್ಳುವವರಿಗಂತೂ ಈ ಪರೀಕ್ಷೆ ತೀರಾ ಅಗತ್ಯ. ವಾಲ್ವ್ ತೆಗೆದ ಕಾರು ಅರ್ಧ ತಾಸಿನ ಟ್ರಯಲ್ಲಿನಲ್ಲಿ ಕಾಯುವುದಿಲ್ಲ. ಮುಚ್ಚಿಹೋದ ರೇಡಿಯೇಟರನ್ನೋ ಸೋರುವ ಗ್ಯಾಸ್ಕೆಟ್ಟನ್ನೋ ಮರೆಮಾಚಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮಾರುವವರು ‘ಬಿಸಿ ಮಾಡಿ ಇಟ್ಟಿದ್ದೀನಿ, ಬನ್ನಿ’ ಎಂದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ, ಹೋಸ್ ಪೈಪಿನ ಮೇಲೆ ಕೈ ಇಟ್ಟು ಹತ್ತು ನಿಮಿಷ ನಿಲ್ಲಿ.

ತಮ್ಮ ವಾಹನ ಪುಟದಲ್ಲಿ ಬೇಸಿಗೆಯ ಸಲಹೆಗಳ ಪಕ್ಕದಲ್ಲಿ ಈ ಹೋಸ್ ಪೈಪಿನ ಪರೀಕ್ಷೆಗೂ ನಾಲ್ಕು ಸಾಲು ಜಾಗ ಕೊಡಬೇಕೆಂದು ಕೋರುತ್ತೇವೆ. ಜತೆಗೆ ಇನ್ನೊಂದು ಸಾಲು: ಬಿಚ್ಚಿದಾಗ ಹರಿಸಿದ ಹಳೆಯ ಕೂಲಂಟನ್ನು ಚರಂಡಿಗೆ ಚೆಲ್ಲಬೇಡಿ, ತೆರೆದ ಬಕೆಟ್ಟಿನಲ್ಲೂ ಬಿಡಬೇಡಿ. ಅದರ ಗ್ಲೈಕಾಲ್ ಸಿಹಿ. ಬೀದಿ ನಾಯಿಗಳು ನೆಕ್ಕಿದರೆ ಸಾಯುತ್ತವೆ.

ಇತಿ,
ವಾಹನ ದುರಸ್ತಿ ತರಬೇತುದಾರರು
ತುಮಕೂರು